ನೀರು ಹೋದ ದಾರಿಯಲ್ಲಿ

ನಮ್ಮ ಮಗಳ ಮನೆ ಇರುವುದು ಇಪ್ಪತ್ತೊಂಬತ್ತನೇ ಮಹಡಿಯಲ್ಲಿ. ಮನೆ ಎಂದು ಅವರು ಕರೆಯುತ್ತಾರೆ, ಹಾಗಾಗಿ ನಾನೂ ಕರೆಯುತ್ತೇನೆ. ಆದರೆ ಹೆಸರಘಟ್ಟದಲ್ಲಿ ನಮ್ಮ ಹಿತ್ತಿಲ ಕೊಟ್ಟಿಗೆ ಅದಕ್ಕಿಂತ ಒಂದು ಮೊಳ ಅಗಲ. ಹಾಂಗ್‌ಕಾಂಗ್ ದ್ವೀಪದ ಪೂರ್ವದ ತುದಿಗೆ, ಟ್ರಾಮ್ ಗಾಡಿ ಹೋಗಿ ತಿರುಗುವ ಜಾಗದಲ್ಲಿ ಶಾವ್ ಕೇ ವಾನ್ ಎಂಬ ಬಡಾವಣೆ ಇದೆ. ಹೋದ ವರ್ಷ ದಸರಾ ಮುಗಿಸಿಕೊಂಡು ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋದೆವು. ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು, ಅವರ ಜೊತೆ ನಾವಿಬ್ಬರು. ಒಂದು ಒಗ್ಗರಣೆಗೆ ಐದೂ ಜನ ಕೆಮ್ಮಬೇಕು. ಒಬ್ಬರು ಬಟ್ಟೆ ಮಡಿಸುತ್ತಿದ್ದರೆ ಇನ್ನೊಬ್ಬರು ಬಾಗಿಲಾಚೆ ನಿಂತು ಕಾಯಬೇಕು.

ಹತ್ತನೇ ದಿನಕ್ಕೆ ಜಗಳ ಆಯಿತು. ಕಾರಣ ಹೇಳಿದರೆ ನಗುತ್ತೀರಿ, ಆದರೂ ಹೇಳುತ್ತೇನೆ. ಮಗಳು ಕೆಲಸಕ್ಕೆ ಹೋಗಿದ್ದಾಗ ನಾನು ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ನನಗೆ ಸರಿ ಕಂಡ ಹಾಗೆ ಜೋಡಿಸಿಟ್ಟಿದ್ದೆ. ಸಂಜೆ ಬಂದವಳು ಸಾರಿನ ಪುಡಿಗಾಗಿ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಸಾಬೂನಿನ ಪುಡಿ. "ಅಮ್ಮ, ನನ್ನ ಡಬ್ಬ ಮುಟ್ಟಬೇಡ" ಎಂದಳು. ಅಷ್ಟೇ. ನನ್ನ ಮನೆಯಲ್ಲಾಗಿದ್ದರೆ ನಾನು ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ಅರ್ಧ ಗಂಟೆ ನಿಂತು ಬರುತ್ತಿದ್ದೆ. ಅಲ್ಲಿ ಎಲ್ಲಿಗೆ ಹೋಗಲಿ? ಮುನಿಸಿಕೊಂಡು ಕೂರುವುದಕ್ಕೂ ಒಂದು ಕೋಣೆ ಬೇಕು ಕೇಳುಗರೆ. ಇಬ್ಬರೂ ಒಂದೇ ಸೋಫಾದ ಎರಡು ತುದಿಗೆ ಕೂತು ಎರಡು ಕಡೆ ನೋಡಿದೆವು.

ಅಳಿಯ ಮಾತು ಕಮ್ಮಿ. ಊಟಕ್ಕೆ ಕೂತಾಗ ಇಷ್ಟು ಹೇಳಿದರು: "ಅತ್ತೆ, ನಾಳೆ ಭಾನುವಾರ. ಎಲ್ಲರೂ ಬೆಟ್ಟಕ್ಕೆ ಹೋಗೋಣ. ಬೆಳಿಗ್ಗೆ ಏಳಕ್ಕೆ ಬಸ್ಸು."

ನನ್ನ ಮಟ್ಟಿಗೆ ಬೆಟ್ಟ ಎಂದರೆ ನಂದಿ, ಇಲ್ಲವೇ ಶಿವಗಂಗೆ. ಶಿವಗಂಗೆ ಹತ್ತಿದ್ದು ಮದುವೆಗೆ ಮುಂಚೆ. ಬ್ಯಾಂಕುಗಳೂ ಕನ್ನಡಿಯ ಗೋಪುರಗಳೂ ತುಂಬಿದ ಊರು ಅಂತ ಟೀವಿಯಲ್ಲಿ ನೋಡಿದ್ದ ಹಾಂಗ್‌ಕಾಂಗಿನಲ್ಲಿ ಬೆಟ್ಟ ಎಲ್ಲಿಂದ ಬಂತು ಎಂದುಕೊಂಡೆ. ಹೊಸ ಕ್ಯಾನ್ವಾಸ್ ಶೂ, ಸೀರೆ, ಮೇಲೊಂದು ಸ್ವೆಟರ್. ಚೀಲದಲ್ಲಿ ಪುಳಿಯೋಗರೆ, ಕೋಡುಬಳೆ. ಮನೆಯ ಕೆಳಗಿನಿಂದ ಒಂಬತ್ತನೇ ನಂಬರಿನ ಬಸ್ಸು ಹತ್ತಿದರೆ ಇಪ್ಪತ್ತೇ ನಿಮಿಷ. ತೋ ತೇ ವಾನ್ ಎಂಬ ನಿಲ್ದಾಣದಲ್ಲಿ ಇಳಿದೆವು. ಹಾಗೆಂದರೆ ಭೂಮಿದೇವರ ಕೊಲ್ಲಿ ಎಂದು ಅರ್ಥವಂತೆ. ನಮ್ಮ ಊರ ಗಡಿಯಲ್ಲಿ ಗ್ರಾಮದೇವತೆ ಕಾಯುವ ಹಾಗೆ ಅವರಿಗೆ ಜಾಗಕ್ಕೊಂದು ಭೂಮಿದೇವರು. ದಾರಿಯಂಚಿನಲ್ಲಿ ಗೂಡಿನಷ್ಟು ಗುಡಿ, ಮುಂದೆ ಊದುಬತ್ತಿ, ಎರಡು ಕಿತ್ತಳೆ. ನಾನು ಕೈ ಮುಗಿದು ಮೆಟ್ಟಿಲು ಹತ್ತಿದೆ.

ಆ ದಾರಿಗೆ ಡ್ರ್ಯಾಗನ್ಸ್ ಬ್ಯಾಕ್ ಎಂದು ಹೆಸರು, ಡ್ರ್ಯಾಗನ್ನಿನ ಬೆನ್ನು. 2004ರಲ್ಲಿ ಟೈಮ್ ಪತ್ರಿಕೆಯ ಏಷ್ಯಾ ಆವೃತ್ತಿ ಏಷ್ಯಾದ ನಗರಗಳಲ್ಲೇ ಚೆನ್ನಾದ ಬೆಟ್ಟದಾರಿ ಎಂದು ಹೊಗಳಿದ ಮೇಲೆ ಹೊರಗಿನ ಜನವೂ ಹುಡುಕಿಕೊಂಡು ಬರುತ್ತಾರೆ. ನಿಜವಾಗಿ ಅದು ಐವತ್ತು ಕಿಲೋಮೀಟರಿನ ಹಾಂಗ್‌ಕಾಂಗ್ ಟ್ರೇಲ್‌ನ ಎಂಟನೆಯ, ಕೊನೆಯ ಭಾಗ. ಏರಿ ಇಳಿದು ಏರುವ ದಿಣ್ಣೆಯ ನೆತ್ತಿಯ ಮೇಲೇ ದಾರಿ. ಒಂದು ಕಡೆ ಶೆಕ್ ಓ ಎಂಬ ಹಳ್ಳಿ, ಮರಳು, ಬೆಳ್ಳಗೆ ನೊರೆ. ಇನ್ನೊಂದು ಕಡೆ ಆಳದಲ್ಲಿ ತಾಯ್ ತಾಮ್ ಕೊಲ್ಲಿ. ನೆತ್ತಿಯ ಎತ್ತರ 284 ಮೀಟರ್. ನಮ್ಮವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತು ವರ್ಷ ನರ್ಸರಿ ನೋಡಿಕೊಂಡವರು. ದಾರಿಯ ಗಿಡವನ್ನೆಲ್ಲ ಮುಟ್ಟಿ ನೋಡುತ್ತಾ ಬರುತ್ತಿದ್ದವರು ಬೋರ್ಡಿನ ಮುಂದೆ ನಿಂತು ಕೇಳಿದರು: "ಇಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು?" ತಾಯ್ ಮೋ ಶಾನ್, 957 ಮೀಟರ್ ಎಂದರು ಅಳಿಯ. "ಬೆಂಗಳೂರೇ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿದೆ. ಹಾಗಾದ್ರೆ ಇವಳು ದಿನಾ ಬೆಟ್ಟದ ತುದೀಲೇ ಮುದ್ದೆ ತೊಳಸ್ತಾಳೆ ಅನ್ನು." ಜಗಳ ಆಡಿದ ಮೇಲೆ ಮಗಳು ಮೊದಲ ಸಲ ನಕ್ಕಿದ್ದು ಆಗ.

ದಾರಿ ಕಿರಿದು. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮೊಮ್ಮಗಳು ತಾತನ ಕೈ ಹಿಡಿದು ಮುಂದೆ ಓಡಿದಳು, ಅಳಿಯ ಅವರ ಹಿಂದೆ. ಕೊನೆಗೆ ಉಳಿದದ್ದು ನಾನು, ನನ್ನ ಹಿಂದೆ ಮಗಳು. ಬೆನ್ನ ಹಿಂದಿನಿಂದ ಅವಳು ಶುರು ಮಾಡಿದಳು. ಅದರ ಹಿಂದಿನ ವರ್ಷ ಮೂರು ತಿಂಗಳು ಅವಳಿಗೆ ಕೆಲಸ ಇರಲಿಲ್ಲ. ಕಂಪನಿಯವರು ಬಿಡಿಸಿದ್ದರು. ನಮಗೆ ಹೇಳಿರಲಿಲ್ಲ, ಪ್ರತಿ ಭಾನುವಾರ ಫೋನು ಮಾಡಿ ಆಫೀಸಿನ ಸುದ್ದಿ ಎಂದು ಏನೋ ಹೇಳುತ್ತಿದ್ದಳು. ಮಗುವನ್ನು ಸ್ಕೂಲಿಗೆ ಬಿಟ್ಟು ಮನೆಗೆ ಬಂದರೆ ಆ ಗೋಡೆಗಳು ಮೈಮೇಲೆ ಬಂದ ಹಾಗಾಗುತ್ತಿತ್ತಂತೆ. ಬಸ್ಸಿನ ದುಡ್ಡು ಬಿಟ್ಟರೆ ಖರ್ಚಿಲ್ಲದ ಕೆಲಸ ನಡೆಯುವುದೊಂದೇ. ಹೀಗೆ ಒಬ್ಬಳೇ ತುಂಡು ತುಂಡಾಗಿ ಐವತ್ತು ಕಿಲೋಮೀಟರನ್ನೂ ಮುಗಿಸಿದ್ದಳು. "ಹೇಳಿದ್ರೆ ನೀವು ನಿದ್ದೆ ಮಾಡ್ತಿರಲಿಲ್ಲಮ್ಮ" ಎಂದಳು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅವಳು ನಿಲ್ಲಿಸಿಬಿಡುತ್ತಿದ್ದಳು. ಕೈ ಹಿಂದಕ್ಕೆ ಮಾಡಿ ಒಂದು ಕೋಡುಬಳೆ ಕೊಟ್ಟೆ. ತೆಗೆದುಕೊಂಡಳು.

ಆಮೇಲೆ ನಾವು ಭಾನುವಾರ ತಪ್ಪಿಸಲಿಲ್ಲ. ಎರಡೂವರೆ ತಿಂಗಳಲ್ಲಿ ಒಂಬತ್ತೋ ಹತ್ತೋ ದಾರಿ ನಡೆದಿರಬೇಕು. ಡಬ್ಬಗಳನ್ನು ಇಬ್ಬರೂ ಸೇರಿ ಮತ್ತೆ ಜೋಡಿಸಿದ್ದೂ ಆಯಿತು. ಅದರಲ್ಲಿ ಗೆದ್ದವರು ಯಾರು ಎಂದು ಹೇಳುವುದಿಲ್ಲ.

ನಡೆಯುವುದಕ್ಕೇ ಅವರಿಗೊಂದು ಹಬ್ಬ ಇದೆ, ಚುಂಗ್ ಯೆಂಗ್. ಅವರ ಪಂಚಾಂಗದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಎತ್ತರಕ್ಕೆ ಹತ್ತಬೇಕು, ಗುಡ್ಡದ ಮೇಲಿರುವ ಹಿರಿಯರ ಸಮಾಧಿ ಗುಡಿಸಬೇಕು. ನಮ್ಮ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಹಾಗೆ ಅವರು ಹಣ್ಣು, ಮಾಂಸ, ಹೂವು ಹೊತ್ತುಕೊಂಡು ಅಜ್ಜ ಅಜ್ಜಿ ಮಕ್ಕಳೆಲ್ಲ ಸಾಲಾಗಿ ಬೆಟ್ಟ ಹತ್ತುವುದನ್ನು ಆ ದಿನ ನೋಡಿದೆ. ನನ್ನ ವಯಸ್ಸಿನ ಹೆಂಗಸರು ನನಗಿಂತ ಜೋರಾಗಿ ಹತ್ತುತ್ತಿದ್ದರು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಅವರ ಮಂಡಿಗೇನು ಎಣ್ಣೆ ಹಾಕುತ್ತಾರೋ.

ಬೆಟ್ಟದ ದಾರಿಯಲ್ಲಿ ಕಸದ ಡಬ್ಬಿ ಇಲ್ಲ. 2017ರ ಕೊನೆಗೆ ಎಲ್ಲವನ್ನೂ ತೆಗೆದುಬಿಟ್ಟರಂತೆ. ನಮ್ಮವರು ಕಿತ್ತಳೆ ಸಿಪ್ಪೆ ಹಿಡಿದುಕೊಂಡು ಎರಡು ಮೈಲಿ ಡಬ್ಬಿ ಹುಡುಕಿದರು. ಮೊಮ್ಮಗಳು ತನ್ನ ಚೀಲದ ಬಾಯಿ ತೆರೆದು ಹಿಡಿದಳು. ಅವಳೇ ಇನ್ನೊಂದು ಸಲ ನನ್ನನ್ನೂ ಕಾಪಾಡಿದ್ದು ಕಾಮ್ ಶಾನ್‌ನಲ್ಲಿ. ಕೌಲೂನ್ ಜಲಾಶಯದ ಸುತ್ತಲ ಆ ಕಾಡಿನ ತುಂಬ ಕೋತಿಗಳು. ಕಾಸರಕದ ಜಾತಿಯ ವಿಷದ ಕಾಯಿ ಕುಡಿಯುವ ನೀರಿಗೆ ಬೀಳದಿರಲಿ ಎಂದು, ಅದನ್ನು ತಿಂದು ಅರಗಿಸಿಕೊಳ್ಳುವ ಕೋತಿಗಳನ್ನು ನೂರು ವರ್ಷದ ಹಿಂದೆ ತಂದು ಬಿಟ್ಟರು ಎಂದು ಅಲ್ಲಿಯವರು ಹೇಳುತ್ತಾರೆ. ಅವತ್ತು ಶನಿವಾರ. ಎದುರಿಗೆ ಸಾಕ್ಷಾತ್ ಆಂಜನೇಯ. ಚೀಲದಿಂದ ಬಾಳೆಹಣ್ಣು ತೆಗೆದೆ. "ಅಜ್ಜೀ! ಐದು ಸಾವಿರ ಡಾಲರ್!" ಎಂದು ಕಿರುಚಿದಳು ಮೊಮ್ಮಗಳು. ಅಲ್ಲಿ ಕಾಡುಪ್ರಾಣಿಗೆ ತಿನ್ನಿಸಿದರೆ ಸ್ಥಳದಲ್ಲೇ ಐದು ಸಾವಿರ ಹಾಂಗ್‌ಕಾಂಗ್ ಡಾಲರ್ ದಂಡ, ನಮ್ಮ ದುಡ್ಡಿನಲ್ಲಿ ಅರ್ಧ ಲಕ್ಷಕ್ಕೂ ಮೇಲೆ. 2024ರ ಆಗಸ್ಟಿನಿಂದ ಕಾನೂನು ಬಿಗಿ ಮಾಡಿದ್ದಾರೆ. ಕೋರ್ಟಿಗೆ ಹೋದರೆ ಒಂದು ಲಕ್ಷ ಡಾಲರಿನ ತನಕ ಹಾಕಬಹುದು. ಬಾಳೆಹಣ್ಣು ಚೀಲಕ್ಕೆ ವಾಪಸ್ಸಾಯಿತು. ಅದನ್ನು ಪ್ರಸಾದ ಎಂದುಕೊಂಡು ನಾನೇ ತಿಂದೆ.

ಆದರೆ ನಾನು ಇಲ್ಲಿ ಹೇಳಬೇಕೆಂದು ಬಂದದ್ದು ಬೋವೆನ್ ರಸ್ತೆಯ ಮಾತು. ರಸ್ತೆ ಎಂದು ಹೆಸರು, ವಾಹನ ಬಹುತೇಕ ಇಲ್ಲ. ವಾನ್ ಚಾಯ್ ಬೀದಿಗಳ ಮೇಲೆ ಬೆಟ್ಟದ ಸೊಂಟಕ್ಕೆ ಡಾಬು ಕಟ್ಟಿದ ಹಾಗೆ ನಾಲ್ಕು ಕಿಲೋಮೀಟರ್ ಸುತ್ತುವ ಸಪಾಟು ದಾರಿ. ಒಂದು ಕಡೆ ಬಂಡೆ, ಆಲದ ಬೇರು, ಒಸರುವ ನೀರು. ಇನ್ನೊಂದು ಕಡೆ ಐವತ್ತಂತಸ್ತಿನ ಕಟ್ಟಡಗಳ ಕಿಟಕಿಗಳು ನಮ್ಮ ಕಣ್ಣಿನ ಮಟ್ಟಕ್ಕೆ. ಬೆಳಿಗ್ಗೆ ಮುದುಕರು ಕೈ ಬೀಸುತ್ತ ಹಿಮ್ಮುಖವಾಗಿ ನಡೆಯುತ್ತಾರೆ. ನಡುವೆ ಮೆಟ್ಟಿಲು ಹತ್ತಿದರೆ ಒಂದು ನಿಂತ ಬಂಡೆ. ಒಳ್ಳೆಯ ಗಂಡ ಸಿಗಲಿ, ಸಿಕ್ಕ ಗಂಡ ಒಳ್ಳೆಯವನಾಗಿರಲಿ ಎಂದು ಹೆಂಗಸರು ಅದಕ್ಕೆ ಊದುಬತ್ತಿ ಹಚ್ಚುತ್ತಾರೆ. "ನೀನೂ ಹಚ್ಚಿ ಬಾ" ಎಂದರು ನಮ್ಮವರು. ನಲವತ್ತೆರಡು ವರ್ಷ ತಡವಾಯಿತು ಎಂದೆ.

ಇಷ್ಟು ಮಟ್ಟಸವಾದ ದಾರಿಯನ್ನು ಇಂಥ ಕಡಿದಾದ ಬೆಟ್ಟದಲ್ಲಿ ಯಾಕೆ ಕಡಿದರು ಎಂದು ಮಗಳನ್ನು ಕೇಳಿದೆ. "ಇದು ದಾರಿ ಅಲ್ಲಮ್ಮ, ಕಾಲುವೆ. ನೀನು ನಡೀತಿರೋದು ನೀರಿನ ಮೇಲೆ" ಎಂದಳು.

ಹಾಂಗ್‌ಕಾಂಗಿನಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ. ಬ್ರಿಟಿಷರ ಕಾಲದಲ್ಲಿ ಊರು ಬೆಳೆದ ಹಾಗೆ ಬೆಟ್ಟದ ಹಿಂದುಗಡೆ ತಾಯ್ ತಾಮ್ ಕಣಿವೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿದರು. 1888ರ ಹೊತ್ತಿಗೆ ಅದು ಮುಗಿಯಿತು. ಅಲ್ಲಿಂದ ಬೆಟ್ಟದ ಹೊಟ್ಟೆಯೊಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಸುರಂಗದ ಬಾಯಿಂದ ಊರಿನ ಸೋಸುವ ತೊಟ್ಟಿಯ ತನಕ ಮುಚ್ಚಿದ ಕಾಲುವೆ. ಕೊರಕಲು ಬಂದಲ್ಲೆಲ್ಲ ಕಲ್ಲಿನ ಕಮಾನುಗಳ ಮೇಲೆ ಕಾಲುವೆ ದಾಟುತ್ತದೆ. ಆ ಕಾಲುವೆಯ ತಲೆಯ ಮೇಲೇ ಬೋವೆನ್ ರಸ್ತೆ. ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಕಂಡೂ ಕಾಣದಷ್ಟಿರಬೇಕು. ಅದಕ್ಕೇ ನನ್ನ ಮಂಡಿಗೆ ಆ ದಾರಿ ಹಿತವಾಗಿತ್ತು.

ಕಮಾನಿನ ಕೆಳಗೆ ಇಳಿದು ನಿಂತಾಗ ನಮ್ಮವರೂ ನಾನೂ ಮುಖ ಮುಖ ನೋಡಿಕೊಂಡೆವು. ಇದನ್ನು ನಾವು ಕಂಡಿದ್ದೇವೆ. ಕಲ್ಲಿನ ಜಾಗದಲ್ಲಿ ಇಟ್ಟಿಗೆ ಹಾಕಿ, ಅಷ್ಟೇ ವ್ಯತ್ಯಾಸ.

ಹೆಸರಘಟ್ಟದ ಕೇಳುಗರಿಗೆ ನಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತಾಗಿರುತ್ತದೆ. ನಂದಿಬೆಟ್ಟದ ಕಡೆಯಿಂದ ಹರಿದುಬರುವ ಅರ್ಕಾವತಿಗೆ ನಮ್ಮೂರಲ್ಲಿ 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಏರಿ ಕಟ್ಟಿದರು. ಚಾಮರಾಜೇಂದ್ರ ಒಡೆಯರ ಹೆಸರಿನ ಜಲಕಾರ್ಖಾನೆ. ಕೆರೆಯಿಂದ ತರಬನಹಳ್ಳಿಯ ಕಡೆಗೆ ಇಟ್ಟಿಗೆಯ ಕಾಲುವೆ, ತಗ್ಗಿನಲ್ಲಿ ಕಮಾನುಗಳ ಸಾಲು, ಸೋಲದೇವನಹಳ್ಳಿಯ ಪಂಪ್‌ಹೌಸಿನಿಂದ ಮುಂದೆ ಮಲ್ಲೇಶ್ವರದ ಕಡೆಗೆ. 1896ರಲ್ಲಿ ಬೆಂಗಳೂರಿನ ನಲ್ಲಿಗಳಿಗೆ ಬಂದ ಮೊದಲ ನೀರು ನಮ್ಮೂರಿನದು. ಈಗಲೂ ಕಮಾನುಗಳು ಉಳಿದಿವೆ, ನೆತ್ತಿಯಲ್ಲಿ ಅರಳಿ ಸಸಿ, ಕಾಲಡಿಯಲ್ಲಿ ಲಂಟಾನ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಆ ಕಡೆ ದನ ಮೇಯಿಸಲು ಹೋಗುತ್ತಿದ್ದರು. ಅದು ಏನು, ಯಾಕೆ ಎಂದು ನಾನು ಕೇಳಿದ್ದೇ ಇಲ್ಲ. ಸಾವಿರಾರು ಮೈಲಿ ಆಚೆ ಹೋಗಿ ಇನ್ನೊಂದನ್ನು ನೋಡಬೇಕಾಯಿತು.

ಎರಡೂರಿಗೆ ಇನ್ನೂ ಒಂದು ನಂಟಿದೆ, ಒಳ್ಳೆಯದಲ್ಲ. ನಮ್ಮ ಕೆರೆ ಕಟ್ಟಿದ 1894ರಲ್ಲೇ ಹಾಂಗ್‌ಕಾಂಗಿಗೆ ಪ್ಲೇಗ್ ಬಂತು. ಅಲ್ಲೇ, ಆ ಬೇಸಿಗೆಯಲ್ಲೇ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವೈದ್ಯ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದ. ಕ್ರಿಮಿ ಸಿಕ್ಕಿತು, ರೋಗ ನಿಲ್ಲಲಿಲ್ಲ. 1896ಕ್ಕೆ ಬೊಂಬಾಯಿ, 1898ಕ್ಕೆ ಬೆಂಗಳೂರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಸಂಕಟದಲ್ಲಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮತ್ತೆ ಅವರ ಅತ್ತೆಯಿಂದ ಕೇಳಿದ್ದರು. ಆ ಮಾರಿ ಹಡಗು ಹತ್ತಿ ಬಂದದ್ದು ಯಾವ ಕಡೆಯಿಂದ ಎಂದು ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ತಾಯ್ ತಾಮ್‌ಗೇ ಹೋದೆವು. ಒಂದರ ಕೆಳಗೊಂದು ನಾಲ್ಕು ಜಲಾಶಯ, 1917ರಲ್ಲಿ ಮುಗಿದ ಕಟ್ಟೆಯ ಮೇಲೆ ಡಬಲ್ ಡೆಕ್ಕರ್ ಬಸ್ಸು ಹೋಗುತ್ತದೆ. ಸುತ್ತ ಎಲ್ಲಿ ನೋಡಿದರೂ ಕಾಡು, ಒಂದು ಮನೆ ಇಲ್ಲ. ಇದು ಹಳೇ ಕಾಡಲ್ಲ, ನೆಟ್ಟದ್ದು ಎಂದು ನಮ್ಮವರು ಮರದ ಸಾಲು ನೋಡಿಯೇ ಹೇಳಿದರು. ಸರಿಯಾಗಿತ್ತು. ಮೊದಲು ಅವೆಲ್ಲ ಬೋಳುಗುಡ್ಡ. ಮಳೆಗೆ ಮಣ್ಣು ಕೊಚ್ಚಿ ಕೆರೆ ತುಂಬಬಾರದು ಎಂದು ಗಿಡ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಊರನ್ನು ಹಿಡಿದಾಗ ಸೌದೆಗಾಗಿ ಬಹಳಷ್ಟನ್ನು ಕಡಿದು ಉರಿಸಿದ್ದಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ನೆಟ್ಟರು.

1963ರಲ್ಲಿ ಅಲ್ಲಿ ಘೋರ ಬರ. ನಾಲ್ಕು ದಿನಕ್ಕೊಂದು ಸಲ, ನಾಲ್ಕೇ ಗಂಟೆ ನೀರು. ಆಮೇಲೆ 1965ರಿಂದ ಚೀನಾದ ದೊಂಗ್‌ಜಿಯಾಂಗ್ ನದಿಯ ನೀರು ಕೊಳವೆಯಲ್ಲಿ ಬಂತು. ಇವತ್ತು ಅವರು ಕುಡಿಯುವುದರಲ್ಲಿ ಹೆಚ್ಚಿನ ಪಾಲು ಅದೇ. ಇಲ್ಲಿ ನನ್ನ ಮನಸ್ಸು ನಿಂತಿತು. ದೂರದ ನೀರು ಬಂದ ಮೇಲೆ ಹತ್ತಿರದ ಕೆರೆ ಯಾರಿಗೆ ಬೇಕು? ಅಂಗೈಯಗಲ ಜಾಗಕ್ಕೆ ಕೋಟಿ ಸುರಿಯುವ ಊರಲ್ಲಿ ಆ ಬೆಟ್ಟಗಳನ್ನು ಸೈಟು ಮಾಡಿ ಹಂಚಿಬಿಡಬಹುದಿತ್ತು. ಅವರು 1976ರಲ್ಲಿ ಕಂಟ್ರಿ ಪಾರ್ಕ್ ಎಂದು ಒಂದು ಕಾನೂನು ತಂದರು, ಮರುವರ್ಷವೇ ತಾಯ್ ತಾಮ್ ಅದಕ್ಕೆ ಸೇರಿತು. ಈಗ ಅಂಥ ಪಾರ್ಕು 25. ಆ ನಾಡಿನ ನೆಲದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಹೀಗೆ ಕಾಯ್ದಿಟ್ಟದ್ದು. 1979ರಲ್ಲಿ ನೂರು ಕಿಲೋಮೀಟರಿನ ಮೆಕ್ಲಿಹೋಸ್ ಟ್ರೇಲ್ ತೆರೆದರು. ಎರಡು ವರ್ಷದ ಮೇಲೆ ಗೂರ್ಖಾ ಸಿಪಾಯಿಗಳು ಅದನ್ನು ಪಂದ್ಯ ಕಟ್ಟಿ ನಡೆದರು, ಆ ನಡಿಗೆ ಟ್ರೇಲ್‌ವಾಕರ್ ಎಂಬ ಹೆಸರಿನಲ್ಲಿ ಕೆಲವು ವರ್ಷ ಬೆಂಗಳೂರಿಗೂ ಬಂದಿತ್ತು.

ಅವರು ದೇವತೆಗಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಮಗಳ ಮನೆ ಕೊಟ್ಟಿಗೆಗಿಂತ ಚಿಕ್ಕದಾಗಿರುವುದಕ್ಕೂ ಬೆಟ್ಟ ಖಾಲಿ ಇರುವುದಕ್ಕೂ ಸಂಬಂಧ ಇದೆ ಎಂದು ವಾದಿಸುವವರು ಅಲ್ಲೂ ಇದ್ದಾರೆ. ಒಂದು ಫ್ಲ್ಯಾಟನ್ನು ಹಲಗೆ ಹೊಡೆದು ನಾಲ್ಕು ಸಂಸಾರ ಇರುವುದನ್ನು ಅಳಿಯ ತೋರಿಸಿದರು. ಅಲ್ಲಿನ ಅಮ್ಮಂದಿರು ಎಲ್ಲಿ ಹೋಗಿ ಮುನಿಸಿಕೊಳ್ಳುತ್ತಾರೋ ಎಂದು ಯೋಚನೆಯಾಯಿತು. ಬಹುಶಃ ಅದಕ್ಕೇ ಭಾನುವಾರ ಬೆಟ್ಟದಲ್ಲಿ ಅಷ್ಟು ಜನ.

ನಮ್ಮಲ್ಲಿ 1933ಕ್ಕೆ ತಿಪ್ಪಗೊಂಡನಹಳ್ಳಿ ಬಂತು, 1974ಕ್ಕೆ ಕಾವೇರಿ ಬಂದಳು. ಕಾವೇರಿ ಬಂದ ಮೇಲೆ ಅರ್ಕಾವತಿಯನ್ನು ಕೇಳುವವರಿಲ್ಲ. ರಾಜಕಾಲುವೆಗಳ ಮೇಲೆ ಲೇಔಟ್, ಹೊಲಗಳಲ್ಲಿ ನೀಲಗಿರಿ ತೋಪು, ಸಾವಿರ ಅಡಿ ಬೋರ್‌ವೆಲ್. 2003ರಲ್ಲಿ ಜಲಾನಯನ ಕಾಯಲು ಸರ್ಕಾರ ಅಧಿಸೂಚನೆ ಹೊರಡಿಸಿತು, ಅಷ್ಟರಲ್ಲಿ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2022ರ ಮಳೆಗೆ ಕೆರೆ ತುಂಬಿದಾಗ ಊರಿಗೂರೇ ಏರಿಯ ಮೇಲೆ ಜಾತ್ರೆ. ಪಕ್ಕದ ಹುಲ್ಲುಗಾವಲಿನದೂ ಅದೇ ಪಾಡು. ಚಿತ್ರನಗರಿ ಆಗುತ್ತದೆ, ಅದಾಗುತ್ತದೆ, ಇದಾಗುತ್ತದೆ ಎಂದು ಕೇಳುತ್ತಲೇ ನನ್ನ ಕೂದಲು ಹಣ್ಣಾಯಿತು. ಚಳಿಗಾಲಕ್ಕೆ ದೂರದ ದೇಶದಿಂದ ಸೆಳೆವ ಎಂಬ ಹಕ್ಕಿಗಳು ಬಂದಿಳಿಯುವ ಆ ಹುಲ್ಲನ್ನು ಸಂರಕ್ಷಿತ ಮೀಸಲು ಮಾಡೋಣ ಎಂಬ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡ ಎಂದಿತು. 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ 5,600 ಎಕರೆಗೂ ಹೆಚ್ಚು ಜಾಗಕ್ಕೆ ಒಪ್ಪಿತು. ದನ ಮೇಯಿಸುವವರಿಗೆ ಇನ್ನೂ ಅಳುಕಿದೆ. ಅವರನ್ನು ಹೊರಗಿಟ್ಟು ಹುಲ್ಲು ಉಳಿಸುತ್ತೇವೆ ಎಂದರೆ ನಾನು ಒಪ್ಪುವವಳಲ್ಲ. ಆ ಹುಲ್ಲು ಇಷ್ಟು ದಿನ ಹುಲ್ಲಾಗಿ ಉಳಿದದ್ದೇ ದನದಿಂದ.

ಈ ಜುಲೈನಲ್ಲಿ ಮೊಮ್ಮಗಳು ರಜಕ್ಕೆ ಬಂದಳು. ಮಾರನೇ ಬೆಳಿಗ್ಗೆಯೇ ಶೂ ಹಾಕಿಕೊಂಡು "ತಾತ, ಇಲ್ಲಿಯ ಟ್ರೇಲ್ ಎಲ್ಲಿ?" ಎಂದಳು. ಮೂವರೂ ಏರಿಯ ಮೇಲೆ ನಡೆದೆವು, ಆಮೇಲೆ ಕಾಲುವೆಯ ಜಾಡು ಹಿಡಿದು ಕಮಾನುಗಳ ಕಡೆಗೆ. ಸ್ವಲ್ಪ ಹೊತ್ತಿಗೆ ಅವಳು ಆ ಕಡೆ ಈ ಕಡೆ ಏನೋ ಹುಡುಕತೊಡಗಿದಳು. ಹಾಂಗ್‌ಕಾಂಗ್ ಟ್ರೇಲ್‌ನಲ್ಲಿ ಅರ್ಧ ಕಿಲೋಮೀಟರಿಗೊಂದು ಕಂಬ ನೆಟ್ಟು ಎಚ್ 001, ಎಚ್ 002 ಎಂದು ನಂಬರು ಬರೆದಿರುತ್ತಾರೆ. ದಾರಿ ತಪ್ಪಿದವರು ಫೋನಿನಲ್ಲಿ ಆ ನಂಬರು ಹೇಳಿದರೆ ಸಾಕು, ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಕಂಬ ಇಲ್ಲ ಪುಟ್ಟಿ ಎಂದರು ತಾತ.

ಅವಳು ವಾಪಸ್ ಏರಿಯ ತನಕ ಓಡಿದಳು. ಅಲ್ಲಿಂದ ಗಟ್ಟಿಯಾಗಿ ಎಣಿಸುತ್ತ ಸಾವಿರ ಹೆಜ್ಜೆ ಹಾಕಿ ನಿಂತು, ಜೇಬಿನಿಂದ ಸೀಮೆಸುಣ್ಣ ತೆಗೆದು ಒಂದು ಕಲ್ಲಿನ ಮೇಲೆ ಎಚ್ 001 ಎಂದು ಬರೆದಳು.

"ಇದು ಹಾಂಗ್‌ಕಾಂಗ್ ಅಲ್ಲ ಕಣೇ" ಎಂದೆ.

"ಗೊತ್ತು ಅಜ್ಜಿ. ಎಚ್ ಅಂದ್ರೆ ಹೆಸರಘಟ್ಟ."

ಅವತ್ತು ಮೂರು ಕಲ್ಲಿಗೆ ನಂಬರು ಬಿತ್ತು. ರಾತ್ರಿ ಮಳೆ ಹೊಯ್ದು ಮೊದಲೆರಡು ಅಳಿಸಿಹೋದವು. ಮೂರನೆಯದು ಕಮಾನಿನ ಕೆಳಗಿತ್ತು. ಮೊನ್ನೆ ಹುಲ್ಲು ತರಲು ಹೋದಾಗ ನೋಡಿದೆ, ಇನ್ನೂ ಓದಬಹುದು.